ನನಗಾಗಿ ನಿಂತ ಬಸ್ಸು

ಸ್ವಲ್ಪ ತಾಳಿ, ಪೊಲೀಸಿನವರು ನನ್ನೊಬ್ಬನಿಗಾಗಿ ಬಸ್ಸು ನಿಲ್ಲಿಸಿದ್ದನ್ನು ಹೇಳುತ್ತೇನೆ. ಅಲ್ಲಿಗೆ ಬರುವವರೆಗೆ ನಗಬೇಡಿ.

ನಾನಾಗ ತಿಪಟೂರಿನಲ್ಲಿ ಪಿಯುಸಿ. ಸೈಕಲ್ ತುಳಿಯುವುದಕ್ಕೇ ಸಂಬಳ ತೆಗೆದುಕೊಳ್ಳುವವರ ರೇಸೊಂದು ನಮ್ಮೂರಿನಿಂದ ಚಿಕ್ಕನಾಯಕನಹಳ್ಳಿ ದಾಟಿ ಹುಳಿಯಾರಿಗೆ ಹೋಗುತ್ತದೆ ಎಂದು ಗೊತ್ತಾಯಿತು. ಅವರಿಗಿಂತ ಒಂದು ಗಂಟೆ ಮುಂಚೆ ಹೊರಟು, ಅವರು ಹಿಂದಿಕ್ಕುವ ಮೊದಲು ಚಿಕ್ಕನಾಯಕನಹಳ್ಳಿ ಮುಟ್ಟಬೇಕು ಎಂದು ನಾನು ತೀರ್ಮಾನಿಸಿದೆ. ರೇಸಿನ ಬಗ್ಗೆ ನನಗಿದ್ದ ವಿದ್ಯೆಯೆಲ್ಲ ಪೇಪರಿನ ಕ್ರೀಡಾಪುಟದ ಫೋಟೋಗಳಿಂದ ಬಂದದ್ದು. ಆ ಫೋಟೋಗಳ ಸೈಕಲ್ಲಿಗೆ ಕ್ಯಾರಿಯರ್ ಇರಲಿಲ್ಲ, ಮಡ್‌ಗಾರ್ಡ್ ಇರಲಿಲ್ಲ, ಸ್ಟ್ಯಾಂಡೂ ಇರಲಿಲ್ಲ.

ನನ್ನ ಹತ್ತಿರ ಇದ್ದದ್ದು ಅಪ್ಪನ ಸೈಕಲ್. ದಿನಾ ತೋಟದಿಂದ ಹುಲ್ಲಿನ ಹೊರೆ ಬರುತ್ತಿದ್ದದ್ದು ಅದರ ಕ್ಯಾರಿಯರ್ ಮೇಲೆ. ಅಪ್ಪ ಹಿಂದಿನ ದಿನ ಹುಳಿಯಾರಿನ ಅತ್ತೆ ಮನೆಗೆ ಹೋಗಿದ್ದರು, ಮಧ್ಯಾಹ್ನದ ಊಟಕ್ಕೆ ಬರುವವರಿದ್ದರು. ಅದರ ಕ್ಯಾರಿಯರ್, ಮಡ್‌ಗಾರ್ಡ್, ಸ್ಟ್ಯಾಂಡ್ ಬಿಚ್ಚಿಸಿ ಹೋಗಿ, ಅವರು ಬರುವಷ್ಟರೊಳಗೆ ಎಲ್ಲವನ್ನೂ ಮತ್ತೆ ಹಾಕಿಸಿ ಏನೂ ಆಗದವನಂತೆ ಕೂತಿರಬೇಕು. ಸೈಕಲ್ ಶಾಪಿನ ಸಾಬರು ಬಿಚ್ಚಿಕೊಡಲು ಒಪ್ಪಿದರು. ಬೆಲ್ಲನ್ನೂ ಬಿಚ್ಚಿ ಅಂದದ್ದಕ್ಕೆ ಮಾತ್ರ ಸ್ಪ್ಯಾನರ್ ಕೆಳಗಿಟ್ಟರು.

"ಬೆಲ್ಲಾದ್ರೂ ಇರ್ಲಿ ಬುಡಪ್ಪ. ಅವರು ಹಿಂದ್ಲಿಂದ ಬಂದಾಗ ಹೊಡ್ಕೊಂಡು ಸೈಡಿಗೆ ಹೋಗಾಕೆ ಬೇಕಾಯ್ತದೆ."

ಬೆಳಿಗ್ಗೆ ಹೊರಟೆ. ಬಸ್ಸಿನಲ್ಲಿ ಹೋಗುವಾಗ ಸಪಾಟಾಗಿದ್ದ ರಸ್ತೆಗೆ ಅವತ್ತು ಎಲ್ಲಿಂದಲೋ ಏರುಗಳು ಬಂದಿದ್ದವು. ಆದರೂ ಏರಿನ ಮೇಲೆ ದೂರು ಹೇಳಲಾರೆ. ನನ್ನನ್ನು ಕೆಡಿಸಿದ್ದು ಎಳನೀರು. ರೇಸ್ ನೋಡಲು ತೋಟದವರೆಲ್ಲ ರಸ್ತೆ ಬದಿಗೆ ಬಂದು ನಿಂತಿದ್ದರು, ಅದರಲ್ಲಿ ಅರ್ಧ ಜನ ಅಪ್ಪನಿಗೆ ಗೊತ್ತಿದ್ದವರು. ನಮ್ಮ ಕಡೆ ಕೆತ್ತಿ ಕೊಟ್ಟ ಎಳನೀರನ್ನು ಬೇಡ ಅಂದು ಮುಂದೆ ಹೋದರೆ ಆ ಮಾತು ನಮಗಿಂತ ಮುಂಚೆ ಮನೆ ಸೇರುತ್ತದೆ. ಮೊದಲನೆಯದು ಕುಡಿದೆ, ಎರಡನೆಯದೂ ಆಯಿತು. ಸ್ಟ್ಯಾಂಡ್ ಇಲ್ಲದ್ದರಿಂದ ಪ್ರತಿ ಸಲ ಸೈಕಲ್ಲನ್ನು ತೆಂಗಿನ ಮರಕ್ಕೆ ಒರಗಿಸಬೇಕು. ಮೂರನೆಯದನ್ನು ಕೆತ್ತಿ ಕೊಟ್ಟ ಅಜ್ಜ ಯಾರ ಮಗ ಅಂತ ವಿಚಾರಿಸಿ, ಮರಕ್ಕೆ ಒರಗಿದ್ದ ಸೈಕಲ್ಲನ್ನೇ ನೋಡಿದರು.

"ಹಿಂಗೆ ಬಟ್ಟೆ ಬಿಚ್ಚಿ ನಿಲ್ಸಿದೀಯಲ್ಲ, ನಿಮ್ಮಪ್ಪಂಗೆ ಗೊತ್ತೇನ್ಲಾ?"

ಬಾಯಲ್ಲಿ ಎಳನೀರಿದ್ದಾಗಲೇ ಸೊಂಯ್ಯೆಂದು ಒಂದು ಸದ್ದು ಬಂತು. ಬಣ್ಣಬಣ್ಣದ ಬೆನ್ನುಗಳು ಒಂದಕ್ಕೊಂದು ಅಂಟಿಕೊಂಡಂತೆ ಏರು ಹತ್ತಿ ಮಾಯವಾದವು. ಅವರಿಗೆ ಆ ದಾರಿಯಲ್ಲಿ ಗುರುತಿನವರು ಯಾರೂ ಇರಲಿಲ್ಲ, ಅದೇ ಅವರ ಅದೃಷ್ಟ. ಅಜ್ಜ ಮಚ್ಚು ಹಿಡಿದೇ ನಿಂತಿದ್ದರು. ಇಷ್ಟು ಜನದಲ್ಲಿ ಒಬ್ಬರಿಗೂ ಬಾಯಾರಿಕೆ ಇಲ್ಲವಾ ಅಂತ ಅವರಿಗೆ ಬೇಜಾರು.

ನಾನೂ ಹಿಂದೆಯೇ ಬಿದ್ದೆ. ಅವರಂತೆ ಹ್ಯಾಂಡಲ್ ಮೇಲೆ ಬಗ್ಗಿದರೆ ಮೂರು ಎಳನೀರೂ ಗಂಟಲಿಗೆ ಬಂದವು. ನೆಟ್ಟಗೆ ಕೂತರೆ ಗಾಳಿ ಎದೆಗೆ ಒದೆಯುತ್ತಿತ್ತು. ಅವರು ಮಾತಿಲ್ಲದೆ ಹತ್ತಿಹೋದ ಏರನ್ನು ನಾನು ಇಳಿದು ತಳ್ಳಿಕೊಂಡು ಹತ್ತಿದೆ.

ಚಿಕ್ಕನಾಯಕನಹಳ್ಳಿ ಮುಟ್ಟುವ ಹೊತ್ತಿಗೆ ರೇಸಿನವರೆಲ್ಲ ದಾಟಿಹೋದರೆಂದು ಪೊಲೀಸಿನವರು ರಸ್ತೆ ಬಿಟ್ಟುಕೊಟ್ಟಿದ್ದರು. ಹುಳಿಯಾರಿನಿಂದ ತಿಪಟೂರಿಗೆ ಹೋಗುವ ಬಸ್ಸು ಆಗಷ್ಟೇ ಹೊರಟಿತ್ತು. ಮಡ್‌ಗಾರ್ಡಿಲ್ಲದ ಸೈಕಲ್ಲೊಂದು ದೂರದಲ್ಲಿ ಕಂಡು ಪೇದೆಯೊಬ್ಬರು ಮತ್ತೆ ಕೈ ಎತ್ತಿದರು.

"ನಿಲ್ಸ್ರೀ, ಇನ್ನೊಬ್ಬ ಬತ್ತಾವ್ನೆ."

ಬಸ್ಸು ನಿಂತಿತು. ಜನ ಚಪ್ಪಾಳೆ ತಟ್ಟಿದರು. ಆಗ ಇಳಿದು ನಿಜ ಹೇಳುವ ಧೈರ್ಯ ಯಾರಿಗಿರುತ್ತದೆ? ತಲೆ ತಗ್ಗಿಸಿ ತುಳಿದೆ. ಬಸ್ಸಿನ ಪಕ್ಕ ಹಾಯುವಾಗ ತಲೆ ಎತ್ತಿದರೆ ಮೂರನೇ ಕಿಟಕಿಯಲ್ಲಿ ಅಪ್ಪ. ಮೊದಲು ನನ್ನ ಮುಖ ನೋಡಿದರು, ಆಮೇಲೆ ಕ್ಯಾರಿಯರ್ ಇರಬೇಕಾಗಿದ್ದ ಜಾಗ ನೋಡಿದರು.

ಮನೆಗೆ ಬಂದಾಗ ಅಪ್ಪನ ಊಟ ಮುಗಿದಿತ್ತು. ಜಗುಲಿಯ ಮೇಲೆ ಕೂತಿದ್ದರು. ನಾನು ಬೈಗುಳಕ್ಕೆ ತಯಾರಾಗಿ ನಿಂತೆ.

"ಪಕ್ಕದ ಸೀಟಿನೋನು ಅಂದ, ಪಾಪ, ಕೊನೇಲಿ ಬಂದ್ರೂ ಬುಡ್ದಂಗೆ ತುಳೀತಾವ್ನೆ ನೋಡಿ ಅಂತ. ನನ್ ಮಗ ಅಂತ ನಾನೇನ್ ಹೇಳಕ್ಕೋಗ್ಲಿಲ್ಲ."

ಎಲೆಅಡಿಕೆ ಬಾಯಿಗೆ ಹಾಕಿಕೊಂಡು ಸೈಕಲ್ ನೋಡಿದರು.

"ಸಂಜೆ ಹುಲ್ಲು ತರಬೇಕು, ಕ್ಯಾರಿಯರ್ ಹಾಕಿಸ್ಕೊಂಡು ಬಾ. ಮಡ್‌ಗಾರ್ಡ್ ಮಳೆಗಾಲಕ್ಕೆ ನೋಡಾನ ಬುಡು."

ಮಳೆಗಾಲದವರೆಗೂ ಅದು ಅರ್ಧ ರೇಸ್ ಸೈಕಲ್ ಆಗಿಯೇ ಹುಲ್ಲು ಹೊತ್ತಿತು.

ನಿಮ್ಮೂರ ಮೇಲೂ ಇಂಥ ರೇಸ್ ಹೋಗಿದ್ದರೆ, ನೀವೂ ಅದೇ ದಾರಿಯನ್ನು ತುಳಿದು ನೋಡಿದ್ದರೆ, ಏನಾಯಿತು ಅಂತ ಬರೆಯಿರಿ. ನಡುವೆ ಎಷ್ಟು ಎಳನೀರು ಕುಡಿದಿರಿ ಅನ್ನುವುದನ್ನು ಮಾತ್ರ ಮುಚ್ಚಿಡಬೇಡಿ.