ಗುನ್ವೋರ್ ತೊಳೆದ ಹರಳು

ಲುಂಡ್ ವಿಶ್ವವಿದ್ಯಾಲಯದಲ್ಲಿ ಗುನ್ವೋರ್ ಸ್ಯೋಹೋಲ್ಮ್ ಮೂವತ್ತೊಂದು ವರ್ಷ ಮಾಡಿದ್ದು ಒಂದೇ ಕೆಲಸ: ಹರಳು ತೊಳೆಯುವುದು. ನೀರಿನಲ್ಲಲ್ಲ. ಗಾಳಿಯನ್ನೆಲ್ಲ ಹೀರಿ ತೆಗೆದ ಉಕ್ಕಿನ ಪೆಟ್ಟಿಗೆಯೊಳಗೆ ಉಗುರಿನಷ್ಟು ನಿಕ್ಕಲ್ ಹರಳಿಟ್ಟು, ಅನಿಲದ ಕಣಗಳಿಂದ ಅದರ ಮೈ ಕೆರೆದು, ಕಾಯಿಸಿ, ಮತ್ತೆ ಕೆರೆದು, ಮತ್ತೆ ಕಾಯಿಸುವುದು. ಹರಳಿನ ಮೇಲ್ಮೈಯ ಎಲೆಕ್ಟ್ರಾನುಗಳಿಗೆ ಒಳಗಿನವಕ್ಕಿಲ್ಲದ ಶಕ್ತಿಮಟ್ಟಗಳಿರುತ್ತವೆ. ಮೈ ಶುಭ್ರವಿದ್ದರೆ ಅವು ಅಳತೆಯ ನಕ್ಷೆಯಲ್ಲಿ ಸಣ್ಣ ಉಬ್ಬುಗಳಾಗಿ ಕಾಣುತ್ತವೆ. ಒಂದು ಪದರ ಕೊಳೆ ಕೂತರೆ ಎಲ್ಲ ಕೆಟ್ಟಿತು. ಇಷ್ಟು ಮಾಡಿದವಳ ಹೆಸರು ಪ್ರಬಂಧಗಳ ಕೊನೆಯ ಪುಟದಲ್ಲಿ ಬರುತ್ತಿತ್ತು, ಅದೂ ಕೆಲವೊಮ್ಮೆ ತಪ್ಪುತಪ್ಪಾಗಿ.

ಸಂಶೋಧನೆಗೆ ಬಂದ ಎಲ್ನಾ ವಿಕಾಂಡರ್ ಮಾತ್ರ ಮೂರು ಗಂಟೆಯ ಕಾಫಿಗೆ ಪ್ರೊಫೆಸರುಗಳ ಮೇಜು ಬಿಟ್ಟು ಇವಳ ಪಕ್ಕ ಕೂರುತ್ತಿದ್ದಳು. ಒಂಟಿ ಹೆಂಗಸು ಗುನ್ವೋರ್ ಅದಕ್ಕಾಗಿಯೇ ಬೆಳಗಿನಿಂದ ಕಾಯುತ್ತಿದ್ದಳು. ಎರಡನೇ ವರ್ಷ ಯಾರೂ ಕಂಡಿರದ ಉಬ್ಬೊಂದು ನಕ್ಷೆಯಲ್ಲಿ ಮೂಡಿತು. ಎಲ್ನಾಳ ಪ್ರಬಂಧವೆಲ್ಲ ಅದರ ಮೇಲೆಯೇ ನಿಂತಿತು.

ಪೆಟ್ಟಿಗೆಯೊಳಗೆ ಹರಳಿನ ಬಿಸಿ ಅಳೆಯುವ ತಂತಿಯ ಮೇಲೆ ಗುನ್ವೋರಳಿಗೆ ಮೊದಲಿನಿಂದಲೂ ಅನುಮಾನವಿತ್ತು. ಪೆಟ್ಟಿಗೆ ತೆರೆದರೆ ಮತ್ತೆ ಗಾಳಿ ತೆಗೆಯಲು ಎರಡು ವಾರ ಬೇಕು. ಹುಡುಗಿಯ ಕೆಲಸ ನಿಲ್ಲುತ್ತದೆಂದು ಮುಂದೂಡುತ್ತ ಬಂದಳು. ನಾಲ್ಕನೇ ವರ್ಷ ತಂತಿ ಬದಲಿಸಿದಾಗ ಗೊತ್ತಾಯಿತು, ಹಳೆಯದು ನೂರು ಡಿಗ್ರಿ ಕಡಿಮೆ ತೋರಿಸುತ್ತಿತ್ತು. ಹರಳು ಅತಿಯಾಗಿ ಕಾದು, ಒಳಗೆ ಚೂರುಪಾರು ಬೆರೆತಿದ್ದ ಗಂಧಕ ಮೇಲಕ್ಕೆ ಬಂದಿತ್ತು. ಸರಿಯಾದ ಬಿಸಿಯಲ್ಲಿ ತೊಳೆದಾಗ ಉಬ್ಬು ಇಲ್ಲ. ಹತ್ತು ಸಲ ತೊಳೆದಳು, ಇಲ್ಲ. ಹೇಳಬೇಕೆಂದು ಹೋದಾಗಲೆಲ್ಲ ಕಾಫಿ ಕುಡಿದು ಎದ್ದು ಬಂದಳು.

ಇಲ್ಲಿನ ಪದ್ಧತಿಯಂತೆ ಮೌಖಿಕ ಪರೀಕ್ಷೆಗೆ ಮೂರು ವಾರ ಮೊದಲು ಪ್ರಬಂಧವನ್ನು ಎಲ್ಲರೆದುರು ಗೋಡೆಗೆ ಮೊಳೆ ಹೊಡೆದು ತೂಗುಹಾಕುತ್ತಾರೆ. ಎಲ್ನಾಳ ಸರದಿಯ ದಿನ ಕೇಕು ಬಂದಿತ್ತು, ಜನ ಸೇರಿದ್ದರು. ಮೊಳೆ ಹಿಡಿಯಲು ಗುನ್ವೋರಳೇ ಬೇಕೆಂದಳು ಎಲ್ನಾ. ಆಗ ತಡೆಯಲಾಗದೆ ಗುನ್ವೋರ್ ಅವಳನ್ನು ಪಕ್ಕಕ್ಕೆ ಕರೆದಳು.

"ಆ ಉಬ್ಬು ನಿಕ್ಕಲ್‌ದಲ್ಲ ಎಲ್ನಾ, ಗಂಧಕದ್ದು. ನಾನೇ ಜಾಸ್ತಿ ಕಾಯಿಸ್ಬಿಟ್ಟಿದ್ದೆ."

ಎಲ್ನಾ ಕೂಗಾಡಲಿಲ್ಲ. "ಯಾವಾಗ ಗೊತ್ತಾಯ್ತು ನಿಂಗೆ?"

"ಐದು ವಾರ ಆಯ್ತು."

"ಐದು ವಾರ ದಿನಾ ನನ್ ಜೊತೆ ಕೂತು ಕಾಫಿ ಕುಡಿದ್ಯಲ್ಲ."

ಸುತ್ತಿಗೆಯನ್ನು ಅವಳ ಕೈಗೆ ಕೊಟ್ಟು ಎಲ್ನಾ ಹೊರಟುಹೋದಳು. ಆ ವಾರವೇ ಮೇಜು ಖಾಲಿ ಮಾಡಿದಳು. ಕೆಟ್ಟ ತಂತಿಯನ್ನು ಅವಳು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳೇನೋ; ಆ ಐದು ವಾರವನ್ನು ಹಾಕಿಕೊಳ್ಳಲು ಆಗಲಿಲ್ಲ.

ಹರಳು ಈಗಿನಷ್ಟು ಶುಭ್ರವಾಗಿ ಎಂದೂ ಇರಲಿಲ್ಲ. ಮೂರು ಗಂಟೆಗೆ ಗುನ್ವೋರ್ ಪೆಟ್ಟಿಗೆಯ ಪಕ್ಕದಲ್ಲೇ ನಿಂತು ಕಾಫಿ ಕುಡಿಯುತ್ತಾಳೆ.