ಹಗಲು ಕೆಳಗಿಳಿಸಿದ ಪೆಟ್ಟಿಗೆ

ನಮ್ಮ ತಾರಸಿಯ ನಟ್ಟನಡುವೆ ಹಿಂದೆ ಒಂದು ಕಪ್ಪು ಪೆಟ್ಟಿಗೆ ಇತ್ತು. ಕಾಲೇಜಿನಲ್ಲಿ ಪಾಠ ಹೇಳುವ ಮೇಡಂ ಒಬ್ಬರು ಊರಿನ ನಾಲ್ಕು ತಾರಸಿಗಳ ಮೇಲೆ ಅಂಥವನ್ನು ಇರಿಸಿದ್ದರು. ಆಕಾಶದ ಆಚೆಯಿಂದ ಬಂದ ಕಣವೊಂದು ಮೇಲಿನ ಗಾಳಿಗೆ ಬಡಿದರೆ, ಚೂರು ಕಣಗಳು ಸೋನೆಯ ಹಾಗೆ ಒಟ್ಟಿಗೆ ಇಳಿಯುತ್ತವಂತೆ. ಯಾವ ಪೆಟ್ಟಿಗೆಗೆ ಮೊದಲು ತಾಗಿತು ಎಂಬುದರ ಮೇಲೆ ಬಂದ ದಿಕ್ಕನ್ನು ಹೇಳಬಹುದಂತೆ. ಎಲ್ಲಕ್ಕಿಂತ ಬಿರುಸಿನ ಕಣಗಳು ಎಲ್ಲಿಂದ ಹೊರಡುತ್ತವೆ ಎಂದು ಇನ್ನೂ ಯಾರಿಗೂ ಸರಿಯಾಗಿ ತಿಳಿದಿಲ್ಲ. ಅವು ತೀರ ಅಪರೂಪ, ಇಲ್ಲಿ ಸಿಗುವವು ಸಣ್ಣವು, ದಿಕ್ಕು ಹಿಡಿಯುವುದನ್ನು ಇವುಗಳಲ್ಲೇ ಕಲಿಯಬೇಕು ಎಂದಿದ್ದರು. ನಾನು ಬಾಗಿಲ ಹಿಂದೆ ನಿಂತು ಕೇಳಿದ್ದೆ.

ಅರಿಸಿನ ಬೇಯಿಸಿ ತಾರಸಿಯಲ್ಲಿ ಹರಡಿದೆವು. ಪೆಟ್ಟಿಗೆಯ ನೆರಳು ಬಿದ್ದ ಕಡೆ ಅದು ಒಣಗದೆ ಮೆತ್ತಗೇ ಉಳಿಯಿತು.

"ಕೆಳಕ್ಕ ಇಳಿಸ್ಬುಡವ್ವ ಇದ. ಅಗಲೊತ್ನಲ್ಲಿ ಚುಕ್ಕಿ ಇದ್ದದಾ? ಸಂಜಗ ಏರಿಸಿದ್ರಾಯ್ತು," ಎಂದು ಸೊಸೆಗೆ ಹೇಳಿದವಳು ನಾನೇ.

"ಆ ಮೇಡಮ್ಗಿಂತ ನೀವೇ ಜಾಸ್ತಿ ಓದ್ಕಂಡಿದ್ದೀರಿ ಬುಡಿ ಅತ್ತ," ಎಂದು ಅವಳು ನಕ್ಕಳು.

ಹನ್ನೆರಡು ದಿನ ಬೆಳಿಗ್ಗೆ ವಯರು ಬಿಚ್ಚದೆ ಹಾಗೇ ಅಂಗಳಕ್ಕೆ ಇಳಿಸಿದೆವು, ಸಂಜೆ ಏರಿಸಿದೆವು.

ಮುಂದಿನ ತಿಂಗಳು ಮೇಡಂ ಗೆಲುವಾಗಿ ಬಂದರು. ಹಗಲು ಬಂದ ಕಣಗಳೆಲ್ಲ ಮೂಡಲ ಕಡೆಯಿಂದ ವಾಲಿ ಬಂದ ಹಾಗೆ ಕಾಣುತ್ತಿವೆ, ರಾತ್ರಿ ಬಂದವು ಹಾಗಿಲ್ಲ, ಇದನ್ನು ಬರೆದು ವಿಜ್ಞಾನಿಗಳ ಸಭೆಗೆ ಕಳುಹಿಸುತ್ತೇನೆ ಎಂದು ಸೊಸೆಯ ಹತ್ತಿರ ಹೇಳಿಕೊಂಡರು. ಹಗಲು ಎಂದ ಕೂಡಲೇ ನನಗೆ ಗೊತ್ತಾಯಿತು. ನಾನು ಸುಮ್ಮನಿದ್ದರೆ ಅವರು ತಿಳಿದವರ ಮುಂದೆ ಸುಳ್ಳು ಹೇಳಿದ ಹಾಗಾಗುತ್ತಿತ್ತು. ಕಾಫಿ ಇಟ್ಟು ಒಳಗೆ ಹೋದವಳು ಮತ್ತೆ ಹೊರಗೆ ಬಂದೆ.

"ಅದು ಆಕಾಸದ್ದಲ್ಲ ಕಣವ್ವ. ಅಗಲೊತ್ತು ನಾನೇ ಪೆಟ್ಟಿಗ ಕೆಳಗಿಡಿಸಿದ್ದೆ."

ಅವರು ಕಾಫಿ ಲೋಟ ಕೆಳಗಿಟ್ಟು ಚೀಲದಿಂದ ಪುಸ್ತಕ ತೆಗೆದರು.

"ಅವು ಹಗಲೂ ಬರುತ್ತವೆ ಅಮ್ಮ. ನಾನೇ ಹೇಳಬೇಕಿತ್ತು. ಯಾವ್ಯಾವ ದಿನ ಇಳಿಸಿದಿರಿ?"

"ಶಿವರಾತ್ರಿ ಕಳದ ಸೋಮವಾರದಿಂದ ಅನ್ನೆಲ್ಡು ದಿನ. ತಾರಸಿಗ ಬಿಸ್ಲು ಬಿದ್ಮೇಲ ಇಳಿಸೋದು, ದನ ಬರೋ ಒತ್ಗ ಏರಿಸೋದು."

ಅವರು ಬರೆದುಕೊಂಡರು. ಅಂಗಳದಿಂದ ತಾರಸಿಯವರೆಗೆ ಟೇಪು ಹಿಡಿದು ಅಳೆದರು. ಕೆಳಗಿನ ತುದಿಯನ್ನು ನಾನು ಹಿಡಿದಿದ್ದೆ. ನಮ್ಮ ಮನೆ ಊರಿನ ಪಡುವಣ ತುದಿಯಲ್ಲಿದೆ, ಉಳಿದ ಮೂರು ಪೆಟ್ಟಿಗೆ ಮೂಡಲಿಗಿದ್ದವು. ಅಂಗಳದಲ್ಲಿದ್ದ ಪೆಟ್ಟಿಗೆಗೆ ಕಣಗಳು ಕ್ಷಣದ ಎಷ್ಟೋ ಸಣ್ಣ ಪಾಲಿನಷ್ಟು ತಡವಾಗಿ ತಾಗಿ, ಲೆಕ್ಕದಲ್ಲಿ ಎಲ್ಲವೂ ಎದುರಿನ ಮೂಡಲ ಕಡೆಯಿಂದ ಬಂದ ಹಾಗೆ ಕಂಡಿದ್ದವಂತೆ.

ವಾರ ಕಳೆದು ಫೋನ್ ಮಾಡಿದರು. ಆ ಹನ್ನೆರಡು ದಿನಗಳನ್ನು ತಿದ್ದಿದ ಮೇಲೆ ವಾಲಿಕೆ ಹೋಯಿತು, ಹಗಲು ರಾತ್ರಿ ಒಂದೇ ಥರ ಇವೆ ಎಂದರು. ಆ ವರ್ಷ ಅವರು ಸಭೆಗೆ ಏನನ್ನೂ ಕಳುಹಿಸಲಿಲ್ಲ.