ಪಿಳ್ಳಮ್ಮ ಮ್ಯೂಸಿಯಂಗೆ ಸೊಸೆ ತೋರಿಸಲು ಹೋದದ್ದು

ಪೀಣ್ಯದ ಸುತ್ತ ಕಾರ್ಖಾನೆಗಳು ಏಳುತ್ತಿದ್ದ ಕಾಲಕ್ಕೆ ನಾನು ರಾಜಗೋಪಾಲನಗರದ ಮೂಲೆಯಲ್ಲಿ ದಿನಸಿ ಅಂಗಡಿ ಇಟ್ಟೆ. ಗಿರಾಕಿಗಳಲ್ಲಿ ಎರಡು ಬಗೆ. ತೂಗುವಾಗ ತಕ್ಕಡಿಯ ಮುಳ್ಳು ನೋಡುವವರು, ಅಂಗಡಿಯವನ ಮುಖ ನೋಡುವವರು. ಮುಳ್ಳು ನೋಡುವವರನ್ನು ಹೇಗೋ ನಿಭಾಯಿಸಬಹುದು. ಮುಖ ನೋಡುವವರಿಗೆ ತೂಕ ಸರಿಯಾಗಿಯೇ ಕೊಡಬೇಕಾಗುತ್ತದೆ, ವ್ಯಾಪಾರಕ್ಕೆ ಅವರು ಒಳ್ಳೆಯವರಲ್ಲ. ಪಿಳ್ಳಮ್ಮ ಈ ಎರಡನೆಯ ಬಗೆಯವಳು.

ಅವಳ ಗಂಡ ಚಿಕ್ಕಬೈರಪ್ಪನದು ಪಕ್ಕದ ಹಳ್ಳಿಯಲ್ಲಿ ರಾಗಿ ಹೊಲ. ಸರ್ಕಾರ ಅದನ್ನು ಕೈಗಾರಿಕೆಗೆಂದು ತೆಗೆದುಕೊಂಡಿತು, ಬೈರಪ್ಪ ಅದಾದ ಮೇಲೆ ಹೆಚ್ಚು ದಿನ ಬಾಳಲಿಲ್ಲ. ಮಗ ಕೃಷ್ಣಪ್ಪನಿಗೆ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿತು. ಆ ವರ್ಕ್‌ಶಾಪು ಎದ್ದಿದ್ದು ಅವರದೇ ಹೊಲದ ಮೇಲೆ. ಅಪ್ಪ ನೇಗಿಲು ಹಿಡಿದ ಜಾಗದಲ್ಲೇ ಮಗ ನಿಂತು ಲೇತ್ ತಿರುಗಿಸುತ್ತಿದ್ದ, ಮೊದಲಿನಂತೆ ಮಳೆಗೆ ಕಾಯುವ ಕಷ್ಟ ಮಾತ್ರ ಇರಲಿಲ್ಲ.

ಆ ಹೊಲದ ಬದುವಿನ ಮೇಲೆ ಒಂದು ವೀರಗಲ್ಲು ಇತ್ತು. ದನ ಹೊಡೆದುಕೊಂಡು ಹೋಗಲು ಬಂದ ಕಳ್ಳರ ಜೊತೆ ಬಡಿದಾಡಿ ಸತ್ತ ಮನೆಯ ಹಿರಿಯನೊಬ್ಬನ ಕಲ್ಲು. ಮನೆಯವರು ಅದನ್ನು ಹೊಲದ ತಾತ ಎನ್ನುತ್ತಿದ್ದರು. ಅರ್ಧ ಮಣ್ಣಿನಲ್ಲಿ ಹೂತಿತ್ತು. ಮೇಲಿನ ಅರ್ಧದ ಮೇಲೆ ತಲೆಮಾರುಗಳ ಎಣ್ಣೆ, ಅರಿಶಿನ, ಕುಂಕುಮ ಮೆತ್ತಿ ಮೆತ್ತಿ ಕಪ್ಪು ಬೆಲ್ಲದ ಅಚ್ಚಿನ ಹಾಗೆ ಕಾಣುತ್ತಿತ್ತು. ಆ ಮನೆಗೆ ಬರುವ ಹೊಸ ಸೊಸೆ ಮೊದಲು ಹೊಲಕ್ಕೆ ಹೋಗಿ ತಾತನಿಗೆ ಎಣ್ಣೆ ಅರಿಶಿನ ಹಚ್ಚಬೇಕು, ಹಣೆ ಒತ್ತಬೇಕು, ತನ್ನ ಅಪ್ಪನ ಹೆಸರು ತವರೂರಿನ ಹೆಸರು ಗಟ್ಟಿಯಾಗಿ ಹೇಳಬೇಕು. ಹಾಗೆ ತಾತನಿಗೆ ತೋರಿಸಿದ ಮೇಲೆಯೇ ಅವಳು ಹೊಸ್ತಿಲು ದಾಟುವುದು. ತೋರಿಸದೆ ದಾಟಿದವಳು ಆ ಮನೆಯವಳಲ್ಲ, ಅವಳ ಹೊಟ್ಟೆಯ ಕೂಸಿಗೂ ತಾತನ ಕಾವಲಿಲ್ಲ.

ಹೊಲ ಹೋಗುವಾಗ ಅಧಿಕಾರಿಗಳು ಹುಣಸೆಮರಕ್ಕೆ ಬೆಲೆ ಕಟ್ಟಿದರು, ಬಾವಿಗೆ ಕಟ್ಟಿದರು, ಕಲ್ಲಿಗೆ ಹೇಗೆ ಕಟ್ಟುವುದೆಂದು ತಿಳಿಯದೆ ಬಿಟ್ಟರು. ಆಮೇಲೆ ಪ್ಯಾಂಟಿನವರೊಬ್ಬರು ಬಂದು ಅದನ್ನು ಪಟ್ಟಣದ ಮ್ಯೂಸಿಯಂಗೆ ಕೊಡಿ ಎಂದು ಕೇಳಿದರು. ಇಲ್ಲಿದ್ದರೆ ಬುಲ್ಡೋಜರ್ ತಳ್ಳಿಬಿಡುತ್ತೆ, ಅಲ್ಲಾದರೆ ಸೂರಿದೆ, ಕಾವಲಿದೆ, ದಿನವೂ ನೂರಾರು ಜನ ಬಂದು ನೋಡುತ್ತಾರೆ ಎಂದರು. ಬೈರಪ್ಪ ಅನುಮಾನಿಸಿದ. ಒಪ್ಪಿದವಳು ಪಿಳ್ಳಮ್ಮ. ಸೂರು, ಕಾವಲು, ದಿನವೂ ಜನ ಇದ್ದ ಮೇಲೆ ಅದು ಗುಡಿಯಲ್ಲದೆ ಇನ್ನೇನು ಎಂದು ಅವಳ ಲೆಕ್ಕ. ತಮಟೆ ಬಡಿಸಿ, ಹುಲ್ಲಿನ ಮೆತ್ತೆ ಹಾಸಿ, ಹೆಣ್ಣು ಕಳುಹಿಸುವ ಹಾಗೆ ಕಣ್ಣೀರು ಹಾಕಿ ತಾತನನ್ನು ಲಾರಿ ಹತ್ತಿಸಿದಳು.

ಕೆಲವು ವರ್ಷ ಕಳೆದು ಕೃಷ್ಣಪ್ಪನಿಗೆ ಬೊಮ್ಮಸಂದ್ರದ ಕಡೆಯ ಹೆಣ್ಣು ಗೊತ್ತಾಯಿತು. ಹುಡುಗಿಯ ಹೆಸರು ಭಾಗ್ಯ. ಭಾನುವಾರ ಮದುವೆ ಮುಗಿಯಿತು. ಮಾರನೆಯ ದಿನವೇ ಪಟ್ಟಣಕ್ಕೆ ಹೋಗಿ ಸೊಸೆಯನ್ನು ತಾತನಿಗೆ ತೋರಿಸಿ ಮನೆ ತುಂಬಿಸಿಕೊಳ್ಳುವುದು ಪಿಳ್ಳಮ್ಮನ ಏರ್ಪಾಡು. ಸೋಮವಾರ ಮ್ಯೂಸಿಯಂಗೆ ರಜೆ ಎಂದು ನಾನು ಹೇಳಬೇಕಾಯಿತು. ದೇವರಿಗೆ ವಾರದ ರಜೆ ಇರುವುದನ್ನು ಅವಳು ಅದೇ ಮೊದಲು ಕೇಳಿದ್ದು. ಹಾಗಾಗಿ ಹುಡುಗಿ ಎರಡು ರಾತ್ರಿ ನಮ್ಮ ಮನೆಯಲ್ಲಿ, ನನ್ನ ಹೆಂಡತಿಯ ಪಕ್ಕದಲ್ಲಿ ಮಲಗಿದಳು. ಮದುಮಗ ಬೀದಿಯ ಆಚೆ ಕಡೆ ಬೀಡಿ ಸೇದುತ್ತ ಅತ್ತಿತ್ತ ತಿರುಗಿದ.

ಮಂಗಳವಾರ ಬೆಳಗ್ಗೆ ನನ್ನ ಸರಕಿನ ವ್ಯಾನಿನಲ್ಲೇ ಹೊರಟೆವು. ಕೃಷ್ಣಪ್ಪನ ಯೋಜನೆಯೇ ಬೇರೆ ಇತ್ತು. ಮ್ಯೂಸಿಯಂನಲ್ಲಿ ಅಮ್ಮನ ಕೆಲಸ ಬೇಗ ಮುಗಿಸಿ, ಹೆಂಡತಿಗೆ ಕಬ್ಬನ್ ಪಾರ್ಕಿನ ಪುಟಾಣಿ ರೈಲು, ವಿಧಾನಸೌಧ, ಲಾಲ್‌ಬಾಗಿನ ಗಾಜಿನ ಮನೆ ಎಲ್ಲ ತೋರಿಸಬೇಕು. ಭಾಗ್ಯ ಪಟ್ಟಣ ನೋಡಿದವಳಲ್ಲ. ಧಾರೆ ಸೀರೆಯುಟ್ಟು ಕಿಟಕಿ ಪಕ್ಕ ಕೂತು, ಕಂಡದ್ದೆಲ್ಲ ಏನೆಂದು ಕೇಳುತ್ತಿದ್ದಳು. ಪಿಳ್ಳಮ್ಮ ಮಡಿಲಲ್ಲಿ ಎಣ್ಣೆಯ ಗಿಂಡಿ ಹಿಡಿದು ರಸ್ತೆಯ ಗುಂಡಿಗಳನ್ನಷ್ಟೇ ನೋಡುತ್ತಿದ್ದಳು.

ಆ ಮ್ಯೂಸಿಯಂನ ಹೆಸರು ಬೇಡ. ದೊಡ್ಡದಲ್ಲ, ಹಿಂದೆ ಯಾವುದೋ ದೊರೆಯ ಬಂಗಲೆಯಾಗಿದ್ದದ್ದು. ಪಿಳ್ಳಮ್ಮ ಗೇಟಿನ ಹೊರಗೇ ಮೆಟ್ಟು ಬಿಟ್ಟು, ತೋಟದ ನಲ್ಲಿಯಲ್ಲಿ ಕಾಲು ತೊಳೆದು, ಸೊಸೆಯ ಕಾಲನ್ನೂ ತೊಳೆಸಿದಳು. ಕ್ಯಾಮೆರಾ ಹಿಡಿದ ಇಬ್ಬರು ನಕ್ಕರು. ಬಾಗಿಲ ಕಾವಲಿನ ದಾಸಪ್ಪ ಗಿಂಡಿ ನೋಡಿ ಅಡ್ಡ ಕೈ ಹಾಕಿದ. ಇಲ್ಲಿಂದ ಮುಂದೆ ನನ್ನ ಕಸುಬು. ಯಾವ ಊರು, ಎಷ್ಟು ಮಕ್ಕಳು, ಬಿಸಿಲು ಜಾಸ್ತಿ ಎಂದೆಲ್ಲ ಅವನೊಡನೆ ಮಾತಾಡಿ, ಕೊನೆಗೆ ಒಂದು ಒಪ್ಪಂದಕ್ಕೆ ತಂದೆ. ಎಣ್ಣೆ ಬೇಡ, ಒಂದು ಚಿಟಿಕೆ ಅರಿಶಿನ ಆಗಬಹುದು, ಅದೂ ಬೇರೆ ಜನ ಆ ಕಡೆ ಇಲ್ಲದಾಗ. ಅವನು ತಿರುಗಿ ನಿಂತಿರುತ್ತಾನೆ. ನಾನು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ದಾಸಪ್ಪ ಹಿಂದಿನ ಹಜಾರಕ್ಕೆ ಕರೆದೊಯ್ದ. ಅಲ್ಲಿ ಸಿಮೆಂಟಿನ ಕಟ್ಟೆಯ ಮೇಲೆ ಏಳೆಂಟು ವೀರಗಲ್ಲುಗಳು ಸಾಲಾಗಿ ನಿಂತಿದ್ದವು. ಉಜ್ಜಿ ತೊಳೆದು ಬೂದು ಬಣ್ಣಕ್ಕೆ ತಿರುಗಿದ್ದವು, ಒಂದು ಹನಿ ಜಿಡ್ಡಿಲ್ಲ. ಎಲ್ಲದರಲ್ಲೂ ಕೆಳಗೆ ಕತ್ತಿ ಎತ್ತಿದ ಗಂಡಸು, ಪಕ್ಕದಲ್ಲಿ ದನ. ನಡುವೆ ಅವನನ್ನು ಎತ್ತಿಕೊಂಡು ಹೋಗುವ ಹೆಂಗಸರು. ಮೇಲೆ ಲಿಂಗ. ಎಲ್ಲದಕ್ಕೂ ಸೇರಿ ಒಂದೇ ಬೋರ್ಡು, ‘ವೀರಗಲ್ಲುಗಳು, ಬೆಂಗಳೂರು ಸುತ್ತಮುತ್ತ’.

ಪಿಳ್ಳಮ್ಮ ಈ ತುದಿಯಿಂದ ಆ ತುದಿಗೆ ಹೋದಳು. ಮತ್ತೆ ಹಿಂದಕ್ಕೆ ಬಂದಳು. ಸೆರಗಿನಿಂದ ಕಣ್ಣು ಒರೆಸಿಕೊಂಡು ಇನ್ನೊಮ್ಮೆ ಹೋದಳು. ಆಗ ನನಗೆ ಹೊಳೆಯಿತು. ತಾತನ ಮುಖವನ್ನು ಆ ಮನೆಯಲ್ಲಿ ಯಾರೂ ನೋಡಿಯೇ ಇರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಆ ಕಪ್ಪು ಮೆತ್ತು, ಅದರ ವಾಸನೆ, ಬದುವಿನ ಮೇಲೆ ಅದು ನಿಂತಿದ್ದ ಜಾಗ. ಮೂರೂ ಈಗ ಇರಲಿಲ್ಲ.

ಯಾವುದು ಯಾವ ಊರಿನದು ಎಂದು ದಾಸಪ್ಪನನ್ನು ಕೇಳಿದೆ. ಬಂದಾಗ ಸೀಮೆಸುಣ್ಣದಲ್ಲಿ ಕಲ್ಲಿನ ಮೇಲೇ ಊರಿನ ಹೆಸರು ಬರೆದಿದ್ದರಂತೆ. ತೊಳೆದಾಗ ಅದೂ ಹೋಯಿತಂತೆ. ತಂದವರು ಬೇರೆ ಊರಿಗೆ ವರ್ಗವಾಗಿ ಹೋಗಿ, ಅಲ್ಲೇ ತೀರಿಕೊಂಡರಂತೆ.

ಭಾಗ್ಯ ಅಂಗೈಯಲ್ಲಿ ಅರಿಶಿನ ಹಿಡಿದು ನಿಂತಿದ್ದಳು. ಬೆವರಿಗೆ ಅದು ಕರಗಿ ಬೆರಳ ಸಂದಿಗೆ ಇಳಿಯುತ್ತಿತ್ತು.

“ಅತ್ತೆ, ನಾನು ಯಾವುದ್ರ ಮುಂದೆ ನಿಂತ್ಕೊಳ್ಲಿ?” ಎಂದಳು.

ಕೃಷ್ಣಪ್ಪನಿಗೆ ಪುಟಾಣಿ ರೈಲಿನ ಹೊತ್ತು ಮೀರುತ್ತಿತ್ತು. ಯಾವುದಾದರೂ ಒಂದಕ್ಕೆ ಹಚ್ಚಿಸಿಬಿಡವ್ವ, ಯಾರು ಕೇಳುತ್ತಾರೆ ಎಂದ.

“ಯಾರ್ ಮನೆ ಸತ್ತೋನೋ ಏನೋ. ಅವನಿಗೆ ನಮ್ಮನೆ ಸೊಸೆ ಒಪ್ಪಿಸ್ಲೇನ್ಲಾ?” ಎಂದಳು ಪಿಳ್ಳಮ್ಮ.

ನಾನು ಸಗಟು ವ್ಯಾಪಾರದ ಬುದ್ಧಿ ಓಡಿಸಿದೆ. ಎಲ್ಲದಕ್ಕೂ ಒಂದೊಂದು ಬೊಟ್ಟು ಇಡಿಸಿ, ಸೇರಬೇಕಾದವನಿಗೆ ಸೇರುತ್ತೆ ಎಂದೆ.

“ಏಳೆಂಟು ಮನೆ ಸೊಸೆ ಆಗ್ಲಾ ಸೆಟ್ರೇ ಈ ಕೂಸು? ಎಲ್ರೂ ನಮ್ಮೋಳು ಅಂತ ಇಡ್ಕೊಂಡ್ರೆ ನಾನು ಯಾರ್ ಕೈಯಿಂದ ಬುಡಿಸ್ಕೊಂಬರ್ಲಿ?”

ದಾಸಪ್ಪ ಪಾಪ ಕೊಟ್ಟ ಮಾತಿನಂತೆ ತಿರುಗಿಯೇ ನಿಂತಿದ್ದ. ಶಾಲೆಯ ಮಕ್ಕಳ ಗುಂಪೊಂದು ಬರುವವರೆಗೂ ನಿಂತಿದ್ದ. ಪಿಳ್ಳಮ್ಮ ಸೊಸೆಯ ಅಂಗೈಯನ್ನು ತನ್ನ ಸೆರಗಿನಲ್ಲಿ ಚೊಕ್ಕಟವಾಗಿ ಒರೆಸಿ, ನಡಿ ಮಗ ಎಂದಳು.

ಪಾರ್ಕಿನ ಹತ್ತಿರ ವ್ಯಾನು ನಿಧಾನ ಮಾಡಿದೆ. ಯಾರೂ ಇಳಿಯುವ ಮಾತೆತ್ತಲಿಲ್ಲ. ಪುಟಾಣಿ ರೈಲು ಕೂಗಿತು. ಭಾಗ್ಯ ಅತ್ತ ನೋಡಿದಳು, ಅದು ಏನೆಂದು ಕೇಳಲಿಲ್ಲ.

ಮನೆ ಮುಂದೆ ಆರತಿ ತಟ್ಟೆ ಹಿಡಿದು ನೆಂಟರು ಕಾಯುತ್ತಿದ್ದರು. ತೋರಿಸಿ ಆಯಿತು ಎಂದು ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಕೃಷ್ಣಪ್ಪ ಅದನ್ನೇ ಅನ್ನಲು ಬಾಯಿ ತೆರೆದ. ಪಿಳ್ಳಮ್ಮ ಅವನನ್ನು ದಾಟಿ, ಸೊಸೆಯ ಕೈ ಹಿಡಿದು ಮನೆಯ ಪಕ್ಕದ ಓಣಿಗೆ ತಿರುಗಿದಳು. ವರ್ಕ್‌ಶಾಪಿನ ಕಾಂಪೌಂಡಿಗೂ ಮನೆಗೂ ನಡುವೆ ಒಬ್ಬರು ಹಿಡಿಸುವಷ್ಟು ಜಾಗ. ಹಿತ್ತಲಲ್ಲಿ ಸೌದೆ ಸರಿಸಿ, ಸಗಣಿ ಬುಟ್ಟಿ ತಳ್ಳಿ, ಹಿಂದಿನ ಬಾಗಿಲು ತೆಗೆದಳು.

“ಮುಂದ್ಲ ಬಾಗ್ಲು ನಿಂಗೆ ಈಗ್ಲೇ ಇಲ್ಲ ಮಗ. ತಾತನ್ನ ಲಾರಿ ಅತ್ಸಿದ್ದು ನಾನು, ನಂಗೂ ಇಲ್ಲ. ಬಾ, ಇಬ್ರೂ ಇಂಗೇ ಓಗಾನ.”

ಅಂದಿನಿಂದ ಆ ಮನೆಯ ಮುಂಬಾಗಿಲು ಗಂಡಸಿಗೆ ಮತ್ತು ನೆಂಟರಿಗೆ. ಅತ್ತೆ ಸೊಸೆಯರ ಓಡಾಟವೆಲ್ಲ ಹಿತ್ತಲಿನಿಂದ. ಆಗಾಗ ಪಿಳ್ಳಮ್ಮ ಒಬ್ಬಳೇ ಬಸ್ಸು ಹತ್ತಿ ಹೋಗಿ ಆ ಕಲ್ಲುಗಳ ಮುಂದೆ ಕೂತು ಬರುತ್ತಿದ್ದಳು. ಏನಾದರೂ ಗುರುತು ಹತ್ತಿತೇ ಎಂದರೆ, ತಾತನೇ ಮಾತಾಡಲಿ ಎನ್ನುತ್ತಿದ್ದಳು.

ಭಾಗ್ಯ ಬಸುರಿಯಾದಳು. ಬಾಣಂತನಕ್ಕೆ ತವರಿಗೆ ಹೊರಡುವ ಮುನ್ನ ಅಂಗಡಿಗೆ ಬಂದು, ಬೇರೆ ಗಿರಾಕಿಗಳು ಹೋಗುವವರೆಗೂ ಬೆಲ್ಲದ ಮೂಟೆಯ ಪಕ್ಕ ನಿಂತಿದ್ದಳು.

“ಸೆಟ್ರೇ, ಎಡಗಡೆಯಿಂದ ಮೂರನೇದು ಅಂತ ನೀವೇ ಅಂದ್ಬಿಡಿ. ಲಾರಿಗೆ ಏರಿಸುವಾಗ ನೋಡಿದ್ದೆ ಅನ್ನಿ. ನಿಮ್ಮ ಮಾತು ಅತ್ತೆ ನಂಬ್ತಾರೆ. ನನ್ನ ಕೂಸನ್ನ ಸೌದೆ ಸಂದಿಯಿಂದ ಒಳಗೆ ತರಬೇಕಾ?”

ಕೇಳಿದ್ದು ದೊಡ್ಡದೇನಲ್ಲ. ಹಳೆಯ ಅಕ್ಕಿಯೆಂದು ಹೊಸದನ್ನು ಕೊಟ್ಟು ಬದುಕಿದವನಿಗೆ ಇದೊಂದು ಭಾರವೇ? ಅಂದು ಸಂಜೆಯೇ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಪಿಳ್ಳಮ್ಮ ಹಿತ್ತಲಿನಿಂದ ಸುತ್ತಿ ಬಂದು ಜಗಲಿಯ ಕೆಳಗೆ ನಿಂತಳು. ಆ ಕಲ್ಲಿನ ವಿಷಯ ಎಂದು ಶುರುಮಾಡಿದೆ. ಅವಳು ತಲೆಯೆತ್ತಿ ನನ್ನ ಮುಖವನ್ನೇ ನೋಡಿದಳು.

ಬೆಲ್ಲದ ಧಾರಣೆ ಏರುವ ಹಾಗಿದೆ, ಬಾಣಂತಿಗೆ ಬೇಕಾದೀತು, ಈಗಲೇ ತೆಗೆದಿಟ್ಟುಕೋ ಎಂದು ಹೇಳಿ ಬಂದೆ. ಭಾಗ್ಯ ಓಣಿಯ ಬಾಯಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟು ಕಾಯುತ್ತಿದ್ದಳು. ನಾನು ಆ ಕಡೆ ನೋಡದೆ ನಡೆದೆ.